ಸೀಟು ಸಿಕ್ಕಿತು, ಪಾಠ ಸಿಕ್ಕಿತೇ?

ಪದವಿ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಬೋಧಿಸುತ್ತಿದ್ದ ದಿನಗಳವು. ಮೊದಲ ಬೆಂಚಿನ ತುದಿಯಲ್ಲಿ ಕೂರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಪಾಠದ ಉದ್ದಕ್ಕೂ ನನ್ನ ಮುಖವನ್ನೇ ನೋಡುತ್ತಿದ್ದಳು, ಮಾತುಮಾತಿಗೂ ತಲೆಯಾಡಿಸುತ್ತಿದ್ದಳು. ಇಷ್ಟು ಗಮನವಿಟ್ಟು ಕೇಳುವವರು ತರಗತಿಯಲ್ಲಿ ಇನ್ನೊಬ್ಬರಿಲ್ಲ ಎಂದು ನಾನು ಒಳಗೊಳಗೇ ಹಿಗ್ಗಿದ್ದೂ ಉಂಟು. ಆಕೆಗೆ ಕಿವಿ ಕೇಳಿಸದು ಎಂಬ ವಿಷಯ ಪ್ರವೇಶದ ಕಡತದಲ್ಲಿತ್ತು. ಅದನ್ನು ಯಾರೂ ನನಗೆ ಹೇಳಲಿಲ್ಲ, ನಾನೂ ವಿಚಾರಿಸಲಿಲ್ಲ. ಒಂದು ದಿನ ಆಕೆಯ ನೋಟ್ ಪುಸ್ತಕ ತಿರುವಿದಾಗ ಪಾಲುದಾರಿಕೆ ಲೆಕ್ಕಗಳ ಅಧ್ಯಾಯದಲ್ಲಿ ‘ನಿವೃತ್ತ ಪಾಲುದಾರನ ಮಾಲು’ ಎಂಬ ಸಾಲು ಕಣ್ಣಿಗೆ ಬಿತ್ತು. ನಾನು ಹೇಳಿದ್ದು ‘ಪಾಲು’.

ಕನ್ನಡಿಯ ಮುಂದೆ ನಿಂತು ದನಿ ಹೊರಡಿಸದೆ ಈ ಎರಡು ಶಬ್ದಗಳನ್ನು ಉಚ್ಚರಿಸಿ ನೋಡಿದರೆ ಆಕೆಯ ತಪ್ಪು ಎಂಥದ್ದೆಂದು ತಿಳಿಯುತ್ತದೆ. ಪ, ಬ, ಮ ಮೂರಕ್ಕೂ ತುಟಿ ಮುಚ್ಚಿ ತೆರೆಯುವ ರೀತಿ ಒಂದೇ. ಪಾತ್ರ–ಮಾತ್ರ, ಪಟ್ಟೆ–ಬಟ್ಟೆ–ಮಟ್ಟೆ ಎಲ್ಲವೂ ತುಟಿಯ ಮೇಲೆ ಒಂದೇ ಮಾತು. ಕ, ಗ, ಹ ಮುಂತಾದ ಧ್ವನಿಗಳು ಬಾಯಿಯ ಹಿಂಭಾಗದಲ್ಲಿ, ಗಂಟಲಿನಲ್ಲಿ ಹುಟ್ಟುವುದರಿಂದ ಹೊರಗೆ ಕಾಣುವುದೇ ಇಲ್ಲ. ಕಂಡ ಅಷ್ಟಿಷ್ಟು ಚಲನೆಯಿಂದ ಉಳಿದದ್ದನ್ನೆಲ್ಲ ಊಹಿಸಿಕೊಂಡು, ಗಂಟೆಗಟ್ಟಲೆ ಆಕೆ ಪಾಠವನ್ನು ತಾನೇ ಕಟ್ಟಿಕೊಳ್ಳುತ್ತಿದ್ದಳು. ನಾನು ಬೋರ್ಡಿನ ಕಡೆ ತಿರುಗಿ ಮಾತನಾಡಿದಾಗಲೆಲ್ಲ ಆ ಊಹೆಯ ದಾರಿಯೂ ಮುಚ್ಚಿಹೋಗುತ್ತಿತ್ತು. ಅರ್ಥವಾಗಲಿಲ್ಲವೆಂದು ಅರವತ್ತು ಜನರ ಎದುರು ಹೇಳಿಕೊಳ್ಳುವ ಮುಜುಗರಕ್ಕಿಂತ ತಲೆಯಾಡಿಸುವುದೇ ಆಕೆಗೆ ಸುಲಭವಾಗಿತ್ತು.

ಕಾನೂನಿನ ದೃಷ್ಟಿಯಿಂದ ಆಕೆಗೆ ಯಾವ ಅನ್ಯಾಯವೂ ಆಗಿಲ್ಲವೆಂದು ತೋರಬಹುದು, ಏಕೆಂದರೆ ಸೀಟು ಸಿಕ್ಕಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಸರ್ಕಾರಿ ಮತ್ತು ಸರ್ಕಾರದ ನೆರವು ಪಡೆಯುವ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5ರಷ್ಟು ಸ್ಥಾನಗಳನ್ನು ಮೀಸಲಿಡಬೇಕೆನ್ನುತ್ತದೆ. 1995ರ ಹಳೆಯ ಕಾಯ್ದೆಯಲ್ಲಿ ಅದು ಶೇ 3 ಇತ್ತು. ಆದರೆ ಅದೇ 2016ರ ಕಾಯ್ದೆಯ 16ನೇ ಸೆಕ್ಷನ್ ಇನ್ನೊಂದು ಮಾತನ್ನೂ ಹೇಳುತ್ತದೆ. ಕಿವುಡರಿಗೆ ಅತ್ಯಂತ ಸೂಕ್ತವಾದ ಭಾಷೆ, ವಿಧಾನ ಮತ್ತು ಸಂವಹನ ಮಾಧ್ಯಮದಲ್ಲಿ ಶಿಕ್ಷಣ ದೊರೆಯುವಂತೆ, ವ್ಯಕ್ತಿಯ ಅಗತ್ಯಕ್ಕೆ ತಕ್ಕ ಅನುಕೂಲಗಳನ್ನು ಒದಗಿಸುವಂತೆ ಶಿಕ್ಷಣ ಸಂಸ್ಥೆಗಳನ್ನು ನೋಡಿಕೊಳ್ಳುವ ಹೊಣೆಯನ್ನು ಅದು ಸರ್ಕಾರದ ಮೇಲೆ ಹೊರಿಸುತ್ತದೆ. ಮೀಸಲಾತಿಯ ಸೆಕ್ಷನ್ ನಮ್ಮ ಕಾಲೇಜುಗಳ ಕಚೇರಿಗೆ ಗೊತ್ತು. 16ನೇ ಸೆಕ್ಷನ್ ತರಗತಿಯ ಬಾಗಿಲು ದಾಟಿ ಒಳಗೆ ಬರುವುದು ಅಪರೂಪ.

2011ರ ಜನಗಣತಿಯ ಪ್ರಕಾರ ದೇಶದಲ್ಲಿ ಶ್ರವಣದೋಷವುಳ್ಳವರ ಸಂಖ್ಯೆ 50 ಲಕ್ಷಕ್ಕೂ ಹೆಚ್ಚು. ಕರ್ನಾಟಕದಲ್ಲೇ ಸುಮಾರು 2.35 ಲಕ್ಷ. ಇವರಲ್ಲಿ ಪದವಿ ತರಗತಿಯವರೆಗೆ ಬರುವವರು ಅನೇಕ ಅಡೆತಡೆಗಳನ್ನು ದಾಟಿ ಬಂದವರು. ಹಾಗೆ ಬಂದವರಿಗೆ ಉಪನ್ಯಾಸವನ್ನು ತಲುಪಿಸುವ ಬಗೆ ಯಾವುದು? ಈ ಪ್ರಶ್ನೆ ಎದ್ದಾಗಲೆಲ್ಲ ಒಬ್ಬರು ‘ಶ್ರವಣ ಸಾಧನ ಕೊಡಿಸಿ’ ಎನ್ನುತ್ತಾರೆ, ಇನ್ನೊಬ್ಬರು ‘ಸಂಜ್ಞಾ ಭಾಷೆಯ ದುಭಾಷಿಯನ್ನು ನೇಮಿಸಿ’ ಎನ್ನುತ್ತಾರೆ, ಮತ್ತೊಬ್ಬರು ‘ಈಗ ಮೊಬೈಲಿನಲ್ಲೇ ಎಲ್ಲವೂ ಬರುತ್ತದಲ್ಲ’ ಎನ್ನುತ್ತಾರೆ. ಪ್ರತಿಯೊಂದರಲ್ಲೂ ಸತ್ಯಾಂಶವಿದೆ, ಯಾವುದೂ ಎಲ್ಲರಿಗೂ ಸಲ್ಲದು. ಆದ್ದರಿಂದ ಒಂದೊಂದನ್ನೂ ತರಗತಿಯಲ್ಲಿಟ್ಟು ನೋಡುವುದು ಒಳಿತು.

ಮೊದಲು ಶ್ರವಣ ಸಾಧನ. ಅದು ಶಬ್ದವನ್ನು ದೊಡ್ಡದು ಮಾಡುತ್ತದೆ. ಮಾತನ್ನು ಸದ್ದುಗದ್ದಲದಿಂದ ಬೇರ್ಪಡಿಸುವ ಅದರ ಶಕ್ತಿ ಸೀಮಿತ. ಎದುರು ಕುಳಿತು ಮಾತನಾಡುವಾಗ ನೆರವಾಗುವ ಅದೇ ಸಾಧನ, ಫ್ಯಾನಿನ ಸದ್ದು, ಬೀದಿಯ ಹಾರ್ನ್, ಎತ್ತರದ ಛಾವಣಿಯ ಮಾರ್ದನಿ ಇವೆಲ್ಲ ಕೂಡಿರುವ ತರಗತಿಯಲ್ಲಿ ಸೋಲುತ್ತದೆ. ಉಪನ್ಯಾಸಕರು ಕೊರಳಿಗೆ ಪುಟ್ಟ ಮೈಕ್ ಧರಿಸಿ, ಅದರ ದನಿ ನಿಸ್ತಂತುವಾಗಿ ನೇರವಾಗಿ ವಿದ್ಯಾರ್ಥಿಯ ಸಾಧನಕ್ಕೆ ತಲುಪುವ ವ್ಯವಸ್ಥೆಯಿದೆ. ದೂರ ಮತ್ತು ಗದ್ದಲದ ತೊಡಕನ್ನು ಅದು ಬಹಳಮಟ್ಟಿಗೆ ನಿವಾರಿಸುತ್ತದೆ. ಆದರೆ ಉಪಯೋಗಕ್ಕೆ ಬರುವಷ್ಟು ಶ್ರವಣ ಶಕ್ತಿ ಉಳಿದವರಿಗೆ, ಅಥವಾ ಕಾಕ್ಲಿಯರ್ ಇಂಪ್ಲಾಂಟ್ ಅಳವಡಿಸಿಕೊಂಡು ಮಾತು ಗ್ರಹಿಸಲು ಕಲಿತವರಿಗೆ ಮಾತ್ರ ಅದು ಸಹಾಯಕ. ಹಿಂದಿನ ಬೆಂಚಿನ ಹುಡುಗ ಕೇಳಿದ ಪ್ರಶ್ನೆ ಆ ಮೈಕಿಗೆ ಸರಿಯಾಗಿ ಸಿಗುವುದಿಲ್ಲ. ಉಪನ್ಯಾಸಕರು ಆ ಪ್ರಶ್ನೆಯನ್ನು ತಾವೇ ಮತ್ತೊಮ್ಮೆ ಹೇಳಿದರೆ ಮಾತ್ರ ಅದು ತಲುಪುತ್ತದೆ.

ಎರಡನೆಯದು ಸಂಜ್ಞಾ ಭಾಷೆಯ ದುಭಾಷಿ. ಸಂಜ್ಞಾ ಭಾಷೆಯೆಂದರೆ ಕನ್ನಡದ ಅಥವಾ ಇಂಗ್ಲಿಷಿನ ಪದಗಳಿಗೆ ಒಂದೊಂದು ಕೈಸನ್ನೆ ಜೋಡಿಸಿದ್ದು ಎಂಬ ಭಾವನೆ ಸುಶಿಕ್ಷಿತರಲ್ಲೂ ಇದೆ. ಭಾರತೀಯ ಸಂಜ್ಞಾ ಭಾಷೆಗೆ ತನ್ನದೇ ವ್ಯಾಕರಣವಿದೆ. ಕೈ, ಮುಖಭಾವ, ದೇಹದ ಸುತ್ತಲಿನ ಅವಕಾಶ ಮೂರೂ ಅದರಲ್ಲಿ ಅರ್ಥ ಹೊರುತ್ತವೆ. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಸೇರಿದ್ದ ಕಿವುಡರ ಶಿಕ್ಷಕರ ಅಂತರರಾಷ್ಟ್ರೀಯ ಸಮ್ಮೇಳನವು ಶಾಲೆಗಳಿಂದ ಸಂಜ್ಞಾ ಭಾಷೆಯನ್ನು ಹೊರಗಿಡಬೇಕೆಂದು ನಿರ್ಣಯಿಸಿತು. ಅದರ ನೆರಳು ಒಂದು ಶತಮಾನ ಕಾಲ ಜಗತ್ತಿನ ಕಿವುಡ ಮಕ್ಕಳ ಮೇಲಿತ್ತು. 2010ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಸೇರಿದ ಅದೇ ಸಮ್ಮೇಳನ ಆ ನಿರ್ಣಯಗಳನ್ನು ತಳ್ಳಿಹಾಕಿತು. ನಮ್ಮಲ್ಲಿ ಭಾರತೀಯ ಸಂಜ್ಞಾ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರ ದೆಹಲಿಯಲ್ಲಿ ಸ್ಥಾಪನೆಯಾದದ್ದು 2015ರಲ್ಲಿ. ಅದು ಹೊರತಂದ ನಿಘಂಟಿನಲ್ಲಿ 2018ರಲ್ಲಿ 3,000 ಪದಗಳಿದ್ದವು. 2021ರ ಹೊತ್ತಿಗೆ ಅವು 10,000ಕ್ಕೆ ಏರಿದವು.

ಸಂಜ್ಞಾ ಭಾಷೆಯಲ್ಲೇ ಬೆಳೆದ ವಿದ್ಯಾರ್ಥಿಗೆ ಒಳ್ಳೆಯ ದುಭಾಷಿ ದೊರೆತರೆ ಪಾಠ ಜೀವಂತವಾಗುತ್ತದೆ. ಅದು ಎರಡೂ ಕಡೆಗೆ ತೆರೆದ ಬಾಗಿಲು: ವಿದ್ಯಾರ್ಥಿ ಆ ಕ್ಷಣವೇ ಪ್ರಶ್ನೆ ಕೇಳಬಹುದು, ಚರ್ಚೆಗೆ ಇಳಿಯಬಹುದು. ಆದರೆ ಇದಕ್ಕೂ ಷರತ್ತುಗಳಿವೆ. ಕೇಳಿ, ಅರ್ಥೈಸಿ, ಇನ್ನೊಂದು ಭಾಷೆಗೆ ತಿರುಗಿಸುವ ಈ ಕೆಲಸ ಮಿದುಳನ್ನು ಬೇಗ ದಣಿಸುತ್ತದೆ. ದೀರ್ಘ ಉಪನ್ಯಾಸಕ್ಕೆ ಇಬ್ಬರು ದುಭಾಷಿಗಳು ಇಪ್ಪತ್ತು–ಮೂವತ್ತು ನಿಮಿಷಗಳಿಗೊಮ್ಮೆ ಸರದಿ ಬದಲಿಸುವುದು ವೃತ್ತಿಯ ರೂಢಿ. ಸವಕಳಿ, ಗುಡ್‌ವಿಲ್‌ನಂಥ ಪಾರಿಭಾಷಿಕ ಪದಗಳಿಗೆ ನೆಲೆನಿಂತ ಸಂಜ್ಞೆಯಿಲ್ಲದಿದ್ದಾಗ ಬೆರಳಿನಲ್ಲಿ ಅಕ್ಷರ ಅಕ್ಷರವಾಗಿ ತೋರಿಸಬೇಕು, ಇಲ್ಲವೇ ವಿದ್ಯಾರ್ಥಿಯೂ ದುಭಾಷಿಯೂ ಮುಂಚಿತವಾಗಿ ಒಂದು ಸಂಜ್ಞೆಯನ್ನು ಒಪ್ಪಿಕೊಂಡಿರಬೇಕು. ಅದಕ್ಕಾಗಿ ಪಾಠದ ಸಾರಾಂಶ ದುಭಾಷಿಯ ಕೈಗೆ ಹಿಂದಿನ ದಿನವೇ ಸೇರಬೇಕು. ಲೆಕ್ಕಶಾಸ್ತ್ರದ ಗಂಧವಿಲ್ಲದ ದುಭಾಷಿ ಲೆಕ್ಕಶಾಸ್ತ್ರವನ್ನು ತಲುಪಿಸಲಾರರು. ಇನ್ನು, ಹದಿನೈದನೆಯ ವಯಸ್ಸಿನಲ್ಲಿ ಜ್ವರದಿಂದ ಶ್ರವಣ ಕಳೆದುಕೊಂಡ, ಸಂಜ್ಞಾ ಭಾಷೆಯನ್ನೇ ಅರಿಯದ ಹುಡುಗನ ಎದುರು ಎಂಥ ನಿಪುಣ ದುಭಾಷಿ ನಿಂತರೂ ಪ್ರಯೋಜನವಿಲ್ಲ.

ಅಂಥವನಿಗೆ ಬೇಕಾದದ್ದು ಅಕ್ಷರ. ಆಡಿದ ಮಾತನ್ನು ಆಗಿಂದಾಗಲೇ ಬರಹಕ್ಕಿಳಿಸಿ ತೆರೆಯ ಮೇಲೆ ತೋರಿಸುವ ವಿಧಾನ ಮೂರನೆಯದು. ಇದರಲ್ಲಿ ಬಗೆಗಳಿವೆ. ಹಲವು ಕೀಲಿಗಳನ್ನು ಒಟ್ಟಿಗೇ ಒತ್ತುವ ಶೀಘ್ರಲಿಪಿ ಯಂತ್ರದಿಂದ ನುರಿತವರು ಪದಪದವನ್ನೂ ದಾಖಲಿಸುವುದು ಒಂದು. ಅಮೆರಿಕದ ರಾಚೆಸ್ಟರಿನಲ್ಲಿರುವ ಕಿವುಡರ ರಾಷ್ಟ್ರೀಯ ತಾಂತ್ರಿಕ ಸಂಸ್ಥೆ ರೂಪಿಸಿದ ‘ಸಿ–ಪ್ರಿಂಟ್’ ಇನ್ನೊಂದು. ಇಲ್ಲಿ ತರಬೇತಾದವರು ಸಂಕ್ಷೇಪಾಕ್ಷರಗಳ ನೆರವಿನಿಂದ ಲ್ಯಾಪ್‌ಟಾಪಿನಲ್ಲಿ ಉಪನ್ಯಾಸದ ಅರ್ಥವನ್ನು ಸಂಗ್ರಹವಾಗಿ ಬರೆಯುತ್ತಾರೆ. ಎರಡರಲ್ಲೂ ತರಗತಿ ಮುಗಿದ ಮೇಲೆ ಬರಹ ಕೈಯಲ್ಲಿ ಉಳಿಯುತ್ತದೆ. ಇದು ದುಭಾಷಿಯಿಂದ ದೊರೆಯದ ಲಾಭ.

ಮೂರನೆಯ ಬಗೆ ಮೊಬೈಲಿನ ಸ್ವಯಂಚಾಲಿತ ಅಕ್ಷರೀಕರಣ. ಅಗ್ಗದ ದಾರಿಯೆಂದು ಕಾಲೇಜುಗಳು ಮೊದಲು ಕೈಚಾಚುವುದು ಇದಕ್ಕೇ. ಕಳೆದ ಕೆಲವು ವರ್ಷಗಳಲ್ಲಿ ಅದು ಬಹಳ ಸುಧಾರಿಸಿರುವುದು ನಿಜ. ಕನ್ನಡದ ಮಾತನ್ನೂ ಅದು ಬರೆದು ತೋರಿಸುತ್ತದೆ. ಆದರೆ ನಮ್ಮ ತರಗತಿಗಳ ಭಾಷೆ ಶುದ್ಧ ಕನ್ನಡವೂ ಅಲ್ಲ, ಶುದ್ಧ ಇಂಗ್ಲಿಷೂ ಅಲ್ಲ. ‘ಈ ಐಟಮ್ಮನ್ನ ಬ್ಯಾಲೆನ್ಸ್ ಶೀಟಲ್ಲಿ ಯಾವ ಸೈಡಿಗೆ ತಗೋತೀವಿ?’ ಎಂಬಂಥ ವಾಕ್ಯದ ಮುಂದೆ ಯಂತ್ರ ತಡವರಿಸುತ್ತದೆ. ಇದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ. ಯಂತ್ರ ತಪ್ಪು ಬರೆದಾಗ ಕಿವಿ ಕೇಳುವವರು ನಕ್ಕು ಸುಮ್ಮನಾಗುತ್ತಾರೆ, ಏಕೆಂದರೆ ಆಡಿದ ಮಾತು ಅವರಿಗೆ ಗೊತ್ತು. ಆ ಬರಹವನ್ನೇ ನಂಬಿ ಕುಳಿತವರಿಗೆ ಅದು ತಪ್ಪೆಂದು ತಿಳಿಯುವ ಉಪಾಯವೇ ಇಲ್ಲ. ‘ಪಾಲು’ ಮತ್ತೆ ‘ಮಾಲು’ ಆಗಬಹುದು, ಈ ಬಾರಿ ಅಚ್ಚಿನ ಅಕ್ಷರದ ಅಧಿಕಾರದೊಂದಿಗೆ.

ಅಕ್ಷರ ಎಲ್ಲ ಕಿವುಡರಿಗೂ ಸಹಾಯಕವೆನ್ನುವಂತೆಯೂ ಇಲ್ಲ. ಹುಟ್ಟಿನಿಂದಲೇ ಕೇಳಿಸದ, ಎಳವೆಯಲ್ಲಿ ಸಂಜ್ಞಾ ಭಾಷೆಯೂ ದೊರೆಯದೆ ತಡವಾಗಿ ಭಾಷೆಯ ಸಂಪರ್ಕಕ್ಕೆ ಬಂದ ಮಗುವಿಗೆ ಕನ್ನಡವೂ ಇಂಗ್ಲಿಷೂ ಪುಸ್ತಕದಿಂದ ಕಷ್ಟಪಟ್ಟು ಕಲಿತ ಪರಭಾಷೆಗಳೇ. ಮಾತಿನ ವೇಗದಲ್ಲಿ ಓಡುವ ಸಾಲುಗಳು ಆ ವಿದ್ಯಾರ್ಥಿಗೆ ಇನ್ನೊಂದು ಗೋಡೆಯಾಗಬಹುದು. ಪ್ರಮಾಣಪತ್ರದಲ್ಲಿ ಇಬ್ಬರ ಶ್ರವಣ ನಷ್ಟವೂ 80 ಡೆಸಿಬೆಲ್ ಎಂದೇ ಇರಬಹುದು. ಎರಡೂ ಕಿವಿಗಳಲ್ಲಿ 70 ಡೆಸಿಬೆಲ್ ನಷ್ಟವಿದ್ದರೆ ಕಾನೂನಿನ ಪ್ರಕಾರ ಇಬ್ಬರೂ ಕಿವುಡರೇ. ಆದರೆ ಒಬ್ಬರಿಗೆ ಬೇಕಾದದ್ದು ತೆರೆ, ಇನ್ನೊಬ್ಬರಿಗೆ ಬೇಕಾದದ್ದು ದುಭಾಷಿ. ಡೆಸಿಬೆಲ್ ಕಿವಿಯ ಅಳತೆಯನ್ನು ಹೇಳುತ್ತದೆ, ಮನಸ್ಸು ಯಾವ ಭಾಷೆಯಲ್ಲಿ ಯೋಚಿಸುತ್ತದೆಂದು ಹೇಳುವುದಿಲ್ಲ.

ಈ ಎಲ್ಲ ವಿಧಾನಗಳಿಗೂ ಸಮಾನವಾದ ಒಂದು ತೊಡಕಿದೆ. ನಾವು ಕಿವಿಯಿಂದ ಪಾಠ ಕೇಳುತ್ತ ಕಣ್ಣಿನಿಂದ ಬೋರ್ಡ್ ನೋಡುತ್ತೇವೆ, ಕೈಯಿಂದ ಬರೆದುಕೊಳ್ಳುತ್ತೇವೆ. ಕಿವುಡ ವಿದ್ಯಾರ್ಥಿಯ ಕಣ್ಣು ಕಿವಿಯ ಕೆಲಸವನ್ನೂ ಮಾಡಬೇಕು. ದುಭಾಷಿಯ ಕೈಯನ್ನೋ ತೆರೆಯ ಸಾಲನ್ನೋ ಬಿಟ್ಟು ನೋಟ್ ಪುಸ್ತಕದ ಕಡೆ ಬಗ್ಗಿದ ಕ್ಷಣ ಪಾಠ ನಿಂತುಹೋಗುತ್ತದೆ. ಅದಕ್ಕೇ ಟಿಪ್ಪಣಿ ಬರೆದುಕೊಡುವ ಸಹಪಾಠಿ ಬೇಕಾಗುತ್ತಾರೆ. ಇದು ಸ್ನೇಹದ ಹಂಗಿನಲ್ಲಿ ನಡೆಯುವ ಕೆಲಸವಾಗಬಾರದು. ಸಂಭಾವನೆ ನೀಡಿ, ಹೇಗೆ ಬರೆಯಬೇಕೆಂದು ತಿಳಿಸಿಕೊಟ್ಟು, ಕಾಲೇಜೇ ವಹಿಸಿಕೊಡಬೇಕಾದ ಕೆಲಸ. ಅಷ್ಟಾದರೂ ಟಿಪ್ಪಣಿಯೊಂದೇ ಸಾಲದು. ಅದು ಮುಗಿದ ಪಾಠದ ದಾಖಲೆ ಮಾತ್ರ, ಅದನ್ನು ಪ್ರಶ್ನೆ ಕೇಳಲಾಗುವುದಿಲ್ಲ.

ಹಾಗಾದರೆ ಇವುಗಳಲ್ಲಿ ಉತ್ತಮ ಯಾವುದು? ಮಾರ್ಕ್ ಮಾರ್ಷಾರ್ಕ್ ಮತ್ತು ಸಂಗಡಿಗರು ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನವು ದುಭಾಷಿ ಮತ್ತು ಅಕ್ಷರೀಕರಣಗಳನ್ನು ಹೋಲಿಸಿ ನೋಡಿತು. ಯಾವುದೇ ಒಂದು ವಿಧಾನ ಸ್ಥಿರವಾಗಿ ಮೇಲೆಂದು ಅದಕ್ಕೆ ಕಾಣಲಿಲ್ಲ. ಒಂದೇ ಮದ್ದನ್ನು ಹುಡುಕುವ ಆಡಳಿತಗಾರರಿಗೆ ಇದು ನಿರಾಸೆಯ ಉತ್ತರ. ವಿದ್ಯಾರ್ಥಿಯನ್ನು ಕೇಳಲು ಸಿದ್ಧರಿರುವವರಿಗೆ ಇದೇ ದಾರಿ.

ಎರಡು ನ್ಯಾಯಾಲಯಗಳ ದೃಶ್ಯಗಳು ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತವೆ. 1982ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಮೈಕೆಲ್ ಚಾಟಾಫ್ ಎಂಬ ಕಿವುಡ ವಕೀಲರು ವಾದಿಸಿದರು. ಆ ನ್ಯಾಯಾಲಯದಲ್ಲಿ ವಾದ ಮಂಡಿಸಿದ ಮೊದಲ ಕಿವುಡ ವಕೀಲ ಅವರು. ನ್ಯಾಯಮೂರ್ತಿಗಳ ಪ್ರಶ್ನೆಗಳನ್ನು ಅವರು ಎದುರಿದ್ದ ಕಂಪ್ಯೂಟರ್ ತೆರೆಯ ಮೇಲೆ ಓದಿಕೊಂಡು ಉತ್ತರಿಸಿದರು. ನಮ್ಮ ಸುಪ್ರೀಂ ಕೋರ್ಟಿನಲ್ಲಿ 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ವಕೀಲೆ ಸಾರಾ ಸನ್ನಿ ಭಾರತೀಯ ಸಂಜ್ಞಾ ಭಾಷೆಯ ದುಭಾಷಿಯ ನೆರವಿನಿಂದ ಕಲಾಪದಲ್ಲಿ ಭಾಗವಹಿಸಿದರು. 2024ರ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಅವರ ವಾದವನ್ನು ಹಾಗೆಯೇ ಆಲಿಸಿತು. ವೃತ್ತಿ ಒಂದೇ, ಶ್ರವಣದ ಕೊರತೆಯೂ ಒಂದೇ. ಆರಿಸಿಕೊಂಡ ದಾರಿಗಳು ಬೇರೆ ಬೇರೆ.

ಚಾಟಾಫ್ ವಾದಿಸಿದ ಮೊಕದ್ದಮೆಯ ಕಥೆಯನ್ನೂ ಇಲ್ಲಿ ಹೇಳಬೇಕು. ಏಮಿ ರೌಲಿ ಎಂಬ ಕಿವುಡ ಬಾಲಕಿಗೆ ಶಾಲೆಯಲ್ಲಿ ದುಭಾಷಿ ಬೇಕೆಂದು ತಂದೆತಾಯಿ ಕೇಳಿದ್ದರು. ಹುಡುಗಿ ತರಗತಿಯಿಂದ ತರಗತಿಗೆ ತೇರ್ಗಡೆಯಾಗುತ್ತಿದ್ದಾಳೆ, ಆದ್ದರಿಂದ ದುಭಾಷಿಯನ್ನು ಒದಗಿಸಲು ಕಾನೂನು ಶಾಲೆಯನ್ನು ಕಡ್ಡಾಯಪಡಿಸದು ಎಂದು ನ್ಯಾಯಾಲಯದ ಬಹುಮತ ತೀರ್ಪಿತ್ತಿತು. ತರಗತಿಯಲ್ಲಿ ಆಡಿದ ಮಾತಿನ ದೊಡ್ಡ ಭಾಗ ಆಕೆಗೆ ದಕ್ಕುತ್ತಿರಲಿಲ್ಲವೆಂಬುದು ವಿಚಾರಣೆಯಲ್ಲಿ ಬಂದಿದ್ದರೂ ಹೀಗಾಯಿತು. ಏಮಿ ಮುಂದೆ ಅಮೆರಿಕದ ಸಂಜ್ಞಾ ಭಾಷೆಯ ಪ್ರಾಧ್ಯಾಪಕಿಯಾದರು. ‘ಪಾಸಾಗುತ್ತಿದ್ದಾಳಲ್ಲ, ಇನ್ನೇನು ಬೇಕು?’ ಎಂಬ ತರ್ಕ ಮಾತ್ರ ಎಲ್ಲ ದೇಶಗಳಲ್ಲೂ ಉಳಿದುಕೊಂಡಿದೆ. ನನ್ನ ತರಗತಿಯ ಹುಡುಗಿಯೂ ಪಾಸಾಗುತ್ತಿದ್ದಳು. ಕಿವಿ ಕೇಳುವವರಿಗೆ ಸಲೀಸಾಗಿ ಸಿಗುವ ಪಾಠವನ್ನು ಆಕೆ ರಾತ್ರಿಯೆಲ್ಲ ಗೈಡು, ಪಠ್ಯಪುಸ್ತಕಗಳಿಂದ ಒಬ್ಬಳೇ ಕಲಿತು ಪಾಸಾಗುತ್ತಿದ್ದಳು.

ನಮ್ಮ ಸುಪ್ರೀಂ ಕೋರ್ಟ್ 2021ರ ವಿಕಾಸ್ ಕುಮಾರ್ ಪ್ರಕರಣದಲ್ಲಿ ಇದಕ್ಕಿಂತ ಮುಂದಿನ ಹೆಜ್ಜೆಯಿಟ್ಟಿದೆ. ಅದು ಕೈಬರಹದ ತೊಂದರೆಯಿದ್ದ ನಾಗರಿಕ ಸೇವಾ ಅಭ್ಯರ್ಥಿಗೆ ಬರಹಗಾರರ ನೆರವು ನೀಡುವ ಪ್ರಶ್ನೆ. ಸಮಂಜಸ ಅನುಕೂಲವೆಂಬುದು ಆಯಾ ವ್ಯಕ್ತಿಯ ಅಗತ್ಯಕ್ಕೆ ಹೊಂದಬೇಕು, ಆ ವ್ಯಕ್ತಿಯೊಡನೆ ಮಾತುಕತೆ ನಡೆಸಿ ನಿರ್ಧಾರವಾಗಬೇಕು ಎಂಬ ತತ್ವ ಆ ತೀರ್ಪಿನಲ್ಲಿದೆ. ಕಾಲೇಜುಗಳ ಮಟ್ಟಿಗೆ ಇದರ ಅರ್ಥ ಸರಳ. ಪ್ರವೇಶದ ದಿನವೇ ವಿದ್ಯಾರ್ಥಿಯನ್ನು ಕೂರಿಸಿಕೊಂಡು ಕೇಳಬೇಕು: ಮನೆಯಲ್ಲಿ ಯಾವ ಭಾಷೆಯಲ್ಲಿ ವ್ಯವಹರಿಸುತ್ತೀರಿ? ಸಂಜ್ಞಾ ಭಾಷೆ ಬರುತ್ತದೆಯೇ? ವೇಗವಾಗಿ ಓದಬಲ್ಲಿರಾ? ಪಿಯುಸಿಯಲ್ಲಿ ಯಾವುದು ನೆರವಾಯಿತು, ಯಾವುದು ಆಗಲಿಲ್ಲ? ಉತ್ತರ ಒಂದೇ ಆಗಬೇಕಿಲ್ಲ. ಉಪನ್ಯಾಸಕ್ಕೆ ತೆರೆ, ಪ್ರಯೋಗಾಲಯಕ್ಕೆ ದುಭಾಷಿ, ಮಾರ್ಗದರ್ಶಕರೊಡನೆ ಎದುರುಬದುರು ಕುಳಿತಾಗ ಶ್ರವಣ ಸಾಧನ ಎಂದು ಒಬ್ಬರೇ ಮೂರನ್ನೂ ಆರಿಸಿಕೊಳ್ಳಬಹುದು. ಆರಿಸಿದ್ದನ್ನು ನಾಲ್ಕಾರು ವಾರ ಬಳಸಿ ನೋಡಿ ಬದಲಿಸುವ ಅವಕಾಶವೂ ಇರಬೇಕು. ಹದಿನೆಂಟು ವರ್ಷದ ಹುಡುಗನಿಗೆ ತಾನು ಕಂಡೇ ಇರದ ಸೌಲಭ್ಯದ ಹೆಸರು ಹೇಳಿ ‘ಬೇಕೇ, ಬೇಡವೇ?’ ಎಂದು ಸಹಿ ಹಾಕಿಸಿಕೊಳ್ಳುವುದು ಆಯ್ಕೆಯಲ್ಲ.

ಒಬ್ಬ ವಿದ್ಯಾರ್ಥಿಗಾಗಿ ಇಷ್ಟೆಲ್ಲ ವೆಚ್ಚವೇ ಎಂಬ ಪ್ರಶ್ನೆ ಸಹಜ. ನುರಿತ ದುಭಾಷಿಗಳು ನಮ್ಮಲ್ಲಿ ವಿರಳವೆಂಬುದೂ ನಿಜ. ಆದ್ದರಿಂದಲೇ ಪ್ರತಿ ಕಾಲೇಜಿನ ಪ್ರಾಂಶುಪಾಲರ ಹೆಗಲಿಗೆ ಇದನ್ನು ಹೊರಿಸದೆ ವಿಶ್ವವಿದ್ಯಾಲಯಗಳು ಹೊಣೆ ಹೊರಬೇಕು. ದುಭಾಷಿಗಳ, ಅಕ್ಷರೀಕರಣಕಾರರ ಒಂದು ತಂಡವನ್ನು ವಿಶ್ವವಿದ್ಯಾಲಯವೇ ನೇಮಿಸಿಕೊಂಡು ತನ್ನ ವ್ಯಾಪ್ತಿಯ ಕಾಲೇಜುಗಳಿಗೆ ವೇಳಾಪಟ್ಟಿಯಂತೆ ಒದಗಿಸಬಹುದು. ಶ್ರವಣ ತಪಾಸಣೆ ಮತ್ತು ಸಾಧನಗಳ ವಿಷಯದಲ್ಲಿ ಸಲಹೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ, 1960ರ ದಶಕದಿಂದ ಕೆಲಸ ಮಾಡುತ್ತಿರುವ ಸಂಸ್ಥೆ ನಮ್ಮ ರಾಜ್ಯದಲ್ಲೇ ಇದೆ. ಇನ್ನು ಕೆಲವಕ್ಕೆ ಕಾಸೂ ಬೇಡ. ವಿದ್ಯಾರ್ಥಿಗಳ ಕಡೆ ಮುಖಮಾಡಿ ಮಾತನಾಡುವುದು, ಬೋರ್ಡಿನಲ್ಲಿ ಬರೆಯುವಾಗ ಮಾತು ನಿಲ್ಲಿಸುವುದು, ಹೊಸ ಪದವನ್ನು ಬರೆದು ತೋರಿಸುವುದು, ಹಿಂದಿನ ಬೆಂಚಿನ ಪ್ರಶ್ನೆಯನ್ನು ಪುನಃ ಹೇಳುವುದು ಇವಿಷ್ಟೂ ಉಪನ್ಯಾಸಕರ ಅಭ್ಯಾಸಕ್ಕೆ ಸೇರಿದ ಸಂಗತಿಗಳು. ಆದರೆ ಕಾಸಿಲ್ಲದ ಸುಧಾರಣೆಗಳನ್ನು ಮಾಡಿ, ಕಾಸು ಬೇಕಾದವನ್ನು ಕೈಬಿಡಲು ಅದೇ ನೆಪವಾಗಬಾರದು.

ನೋಟ್ ಪುಸ್ತಕದಲ್ಲಿ ‘ಮಾಲು’ ಕಂಡ ಆ ದಿನ ನಾನು ಅದರ ಕೊನೆಯ ಪುಟದಲ್ಲಿ, ‘ಪಾಠ ತಲುಪಲು ಏನು ಮಾಡಬೇಕು?’ ಎಂದು ಬರೆದು ಮುಂದಿಟ್ಟೆ. ಆಕೆ ತುಸು ಹೊತ್ತು ಯೋಚಿಸಿ ಮೂರು ಸಾಲು ಬರೆದಳು. ‘ಬೋರ್ಡಿನ ಕಡೆ ತಿರುಗಿ ಮಾತಾಡಬೇಡಿ ಸರ್. ನೋಟ್ಸ್ ಹಿಂದಿನ ದಿನ ಕೊಡಿ. ಎಲ್ಲರೂ ನಕ್ಕಾಗ ಯಾಕೆ ನಕ್ಕರು ಅಂತ ಯಾರಾದರೂ ಬರೆದು ತೋರಿಸಿದರೆ ಸಾಕು.’ ಮೊದಲ ಎರಡನ್ನು ಮರುದಿನದಿಂದಲೇ ಮಾಡಿದೆ. ಮೂರನೆಯದಕ್ಕೆ ಪಕ್ಕದ ಬೆಂಚಿನ ಹುಡುಗಿಯೊಬ್ಬಳು ತಾನಾಗಿ ಮುಂದೆ ಬಂದಳು. ಅಷ್ಟು ಹೊತ್ತಿಗೆ ಎರಡನೆಯ ವರ್ಷದ ಪರೀಕ್ಷೆಗೆ ಉಳಿದಿದ್ದುದು ಎರಡೇ ತಿಂಗಳು. ಆ ಪ್ರಶ್ನೆಯನ್ನು ಪ್ರವೇಶದ ದಿನವೇ ಕೇಳಬೇಕಿತ್ತು.